ಇಂಗ್ಲೆಂಡಿನ ಹಳ್ಳಿ ದಾರಿಗಳಲ್ಲಿ ನಿಧಾನವಾಗಿ ಸೈಕಲ್ ಪ್ರವಾಸ: ಯಾವ ಕಡೆ ಹೋಗಬಹುದು?

ರೆಡಿಂಗ್ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಜೂನ್ ಮಧ್ಯದಲ್ಲಿ ಅಕ್ಕ, ಭಾವ ಸಾಗರದಿಂದ ನಮ್ಮಲ್ಲಿಗೆ ಬರುತ್ತಿದ್ದಾರೆ. ಲಂಡನ್, ಅರಮನೆ, ಮ್ಯೂಸಿಯಂ ಎಲ್ಲಾ ಹಿಂದೆ ಬಂದಾಗಲೇ ನೋಡಿದ್ದಾಗಿದೆ. ಈ ಸಲ ಭಾವ, "ಇಲ್ಲಿನ ಹಳ್ಳಿ ತೋರಿಸು ಮಾರಾಯ, ಕಾರಲ್ಲಿ ಬೇಡ, ಸೈಕಲ್ಲಲ್ಲಿ ಹೋಗೋಣ" ಎಂದಿದ್ದಾರೆ. ಅವರಿಗೆ ಐವತ್ತೆಂಟು. ಊರಲ್ಲಿ ಇವತ್ತಿಗೂ ತೋಟಕ್ಕೆ ಹೋಗಿ ಬರುವುದು ಸೈಕಲ್ಲಲ್ಲೇ. ಅಕ್ಕನಿಗೆ ರೂಢಿ ತಪ್ಪಿದೆ, ಆದರೆ ಹೆದರಿಕೆ ಇಲ್ಲ.

ನಮಗೆ ಐದು ದಿನ ಸಿಗುತ್ತದೆ. ಎಷ್ಟು ದೂರ ಹೋದೆವು ಎನ್ನುವುದು ಮುಖ್ಯ ಅಲ್ಲ. ಹಳ್ಳಿ ಬಂದರೆ ಇಳಿಯಬೇಕು, ಚರ್ಚ್ ಬಾಗಿಲು ತೆರೆದಿದ್ದರೆ ಒಳಗೆ ಹೋಗಬೇಕು, ಟೀ ಸಿಕ್ಕರೆ ಕೂರಬೇಕು. ದೊಡ್ಡ ಏರು ಬೇಡ. ಲಾರಿ ಓಡಾಡುವ ರಸ್ತೆ ಬೇಡವೇ ಬೇಡ. ಅನುಭವ ಇರುವವರು ದಾರಿ ಹೇಳಿ.

ಹಳೇ ಅಟ್ಲಾಸ್

ತಮ್ಮಾ, ನಾರ್ಫೋಕ್‌ಗೆ ಹೋಗಿ. ನಾನು ಇಪ್ಸ್‌ವಿಚ್ ಕಡೆ ಇರುವವನು. ಪೂರ್ವ ಇಂಗ್ಲೆಂಡಿನ ಓಣಿಗಳಲ್ಲೇ ಸೈಕಲ್ ತುಳಿದು ವಯಸ್ಸಾಯಿತು, ಹಾಗಾಗಿ ಆ ಕಡೆಗೆ ಮಮತೆ ಜಾಸ್ತಿ. ಆದರೂ ನೀವು ಕೇಳಿದ್ದೆಲ್ಲ ಅಲ್ಲಿದೆ.

ಇಡೀ ಕೌಂಟಿಯಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ಬೀಕನ್ ಹಿಲ್. ಅದೂ ನೂರು ಮೀಟರ್ ಚಿಲ್ಲರೆ. ಹಾಗಂತ ಪೂರ್ತಿ ಸಮತಟ್ಟಲ್ಲ. ಸಣ್ಣ ಏರು, ಸಣ್ಣ ಇಳಿಜಾರು ಬರುತ್ತಲೇ ಇರುತ್ತವೆ, ಬೇಸರ ಆಗುವುದಿಲ್ಲ. ಮಳೆಯೂ ಕಡಿಮೆ. ವರ್ಷಕ್ಕೆ 600ರಿಂದ 700 ಮಿಲಿಮೀಟರ್ ಅಷ್ಟೇ. ಆಗುಂಬೆಯಲ್ಲಿ 7,000 ದಾಟುತ್ತದೆ, ಅಲ್ವಾ? ಸಾಗರದವರು ಇದನ್ನು ಮಳೆ ಅಂತಲೇ ಕರೆಯುವುದಿಲ್ಲ.

ಹಳ್ಳಿಗಳು ಹತ್ತಿರ ಹತ್ತಿರ ಇವೆ. ಒಂದು ಚರ್ಚಿನ ಗೋಪುರ ಮರೆಯಾಗುವ ಮುಂಚೆ ಇನ್ನೊಂದು ಕಾಣಿಸುತ್ತದೆ. ನಾರ್ಫೋಕ್‌ನಲ್ಲಿ ಮಧ್ಯಯುಗದ ಚರ್ಚುಗಳೇ 600ಕ್ಕೂ ಜಾಸ್ತಿ ಉಳಿದಿವೆ. ಅವುಗಳಲ್ಲಿ 120ಕ್ಕೂ ಹೆಚ್ಚು ದುಂಡು ಗೋಪುರದವು. ಅಲ್ಲಿ ಸಿಗುವುದು ಫ್ಲಿಂಟ್, ಅಂದರೆ ಬೆಂಕಿ ಹೊತ್ತಿಸಲು ಬಳಸುತ್ತಿದ್ದ ಚಕಮಕಿ ಕಲ್ಲು. ಮೂಲೆಗೆ ಕೂರಿಸಲು ಚೌಕದ ಕಲ್ಲು ಸಿಗದೆ ದುಂಡಗೆ ಕಟ್ಟಿದರು ಎಂದು ಬಹಳ ಜನ ಹೇಳುತ್ತಾರೆ. ಬಾಗಿಲು ಹಗಲು ಹೊತ್ತು ಸಾಮಾನ್ಯವಾಗಿ ತೆರೆದೇ ಇರುತ್ತದೆ. ಒಳಗೆ ಯಾರೂ ಇರುವುದಿಲ್ಲ. ಹೋಗಿ ಕೂತುಕೊಳ್ಳಬಹುದು.

ಇಷ್ಟೆಲ್ಲಕ್ಕಿಂತ ದೊಡ್ಡ ಕಾರಣ ಅಲ್ಲಿನ ಓಣಿಗಳು. ಅದರ ಬಗ್ಗೆ ಸಂಜೆ ಬಿಡುವಾಗಿ ಬರೆಯುತ್ತೇನೆ.

ಎದುರುಗಾಳಿ

ನಾರ್ಫೋಕ್ ಚೆನ್ನಾಗಿದೆ, ಒಪ್ಪಿದೆ. ಆದರೆ ಅಷ್ಟು ದೂರದಿಂದ ಬಂದವರಿಗೆ ಒಂದು ಕಡಲಿನಿಂದ ಇನ್ನೊಂದು ಕಡಲಿಗೆ ದೇಶವನ್ನೇ ಅಡ್ಡ ದಾಟಿದೆವು ಎಂಬ ಖುಷಿ ಬೇಡವೇ? ವೈಟ್‌ಹೇವನ್‌ನಿಂದ ಟೈನ್‌ಮೌತ್ ಅಥವಾ ಸಂಡರ್‌ಲ್ಯಾಂಡ್‌ಗೆ ಹೋಗುವ 'ಸಿ ಟು ಸಿ' ದಾರಿ ಸುಮಾರು 140 ಮೈಲಿ, ಅಂದರೆ 225 ಕಿಮೀ. 1994ರಿಂದ ಇದೆ. ಇಲ್ಲವಾದರೆ ಮೊರ್ಕಂಬ್‌ನಿಂದ ಬ್ರಿಡ್ಲಿಂಗ್‌ಟನ್‌ಗೆ 'ವೇ ಆಫ್ ದ ರೋಸಸ್', 170 ಮೈಲಿ. 2010ರಲ್ಲಿ ಶುರುವಾದದ್ದು. ಯಾರ್ಕ್ ನಗರವೂ ದಾರಿಯಲ್ಲೇ ಸಿಗುತ್ತದೆ. ಇಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುವುದರಿಂದ ಎರಡನ್ನೂ ಪಶ್ಚಿಮದಿಂದ ಪೂರ್ವಕ್ಕೆ ತುಳಿಯಬೇಕು, ಬೆನ್ನಿಗೆ ಗಾಳಿ ಇರುತ್ತದೆ. ಐದು ದಿನಕ್ಕೆ ಸರಿಯಾಗಿ ಕೂರುತ್ತದೆ.

ರೆಡಿಂಗ್ ಕನ್ನಡಿಗ

ಧನ್ಯವಾದ ಇಬ್ಬರಿಗೂ. ರೋಸಸ್ ಲೆಕ್ಕ ಹಾಕಿದೆ. 273 ಕಿಮೀ ಆಗುತ್ತದೆ, ದಿನಕ್ಕೆ 55ರ ಹತ್ತಿರ. ಭಾವ ಸೈ ಎನ್ನುತ್ತಾರೆ. ಅಕ್ಕನಿಗೆ ಆಗುತ್ತದಾ?

ಗಾಲಿ ಗೆಳತಿ

ಆ ದಾರಿ ಪೂರ್ತಿ ಮಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ದೂರ ಸಮಸ್ಯೆ ಅಲ್ಲ, ಏರು. ಸೆಟಲ್ ಊರು ಬಿಟ್ಟ ತಕ್ಷಣ ಎದೆಯೆತ್ತರಕ್ಕೆ ನಿಂತಂಥ ಏರು. ಆಮೇಲೆ ಗ್ರೀನ್‌ಹೌ ಗುಡ್ಡ ಹತ್ತಿ ಪೇಟ್ಲಿ ಬ್ರಿಜ್‌ಗೆ ಇಳಿಯುವಾಗ ಬ್ರೇಕ್ ಹಿಡಿದು ಹಿಡಿದು ಕೈ ನೋಯುತ್ತದೆ. ಸಿ ಟು ಸಿ ಇನ್ನೂ ಎತ್ತರ. ಹಾರ್ಟ್‌ಸೈಡ್ 580 ಮೀಟರ್, ಬ್ಲ್ಯಾಕ್ ಹಿಲ್ 609. ನೋಟ ಅದ್ಭುತವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ರೂಢಿ ತಪ್ಪಿದವರಿಗೆ ಅದು ಮೊದಲ ದಾರಿ ಅಲ್ಲ.

ಇನ್ನೊಂದು ವಿಷಯ. ಈ ಗುರುತು ಹಾಕಿದ ಉದ್ದ ದಾರಿಗಳಲ್ಲಿ ಸಂಜೆಗೆ ರೂಮ್ ಬುಕ್ ಆಗಿರುತ್ತದೆ, ಅಲ್ಲಿಗೆ ತಲುಪಲೇಬೇಕು. ಆಗ ಹಳ್ಳಿ ಬಂದರೂ ಯಾರೂ ಇಳಿಯುವುದಿಲ್ಲ. ಗಡಿಯಾರ ನೋಡುತ್ತಾ ತುಳಿಯುತ್ತಾರೆ. ನೀವು ಕೇಳಿದ್ದು ಇದರ ಉಲ್ಟಾ. ದಿನಕ್ಕೆ 30ರಿಂದ 40 ಕಿಮೀ ಇಟ್ಟುಕೊಳ್ಳಿ. ಜೂನ್‌ನಲ್ಲಿ ರಾತ್ರಿ ಒಂಬತ್ತರ ಮೇಲೂ ಬೆಳಕಿರುತ್ತದೆ. ದಿನ ಪೂರ್ತಿ ನಿಮ್ಮದೇ ಆಗುತ್ತದೆ.

ಅಕ್ಕನ ರೂಢಿಗೆ ಹಳೇ ರೈಲು ದಾರಿಗಳು ಒಳ್ಳೆಯವು. ಬ್ರಿಸ್ಟಲ್–ಬಾತ್ ದಾರಿ 13 ಮೈಲಿ, ಪೂರ್ತಿ ಡಾಂಬರು, ಏರೇ ಇಲ್ಲ. 1979ರಿಂದ 1986ರ ತನಕ ಬಹುಪಾಲು ಸ್ವಯಂಸೇವಕರೇ ಸೇರಿ ಮಾಡಿದ್ದು. ಡರ್ಬಿಶೈರಿನ ಟಿಸ್ಸಿಂಗ್‌ಟನ್ ಟ್ರೇಲ್ ಕೂಡ ಹಳೇ ರೈಲು ದಾರಿ. ಕಾರು ಇಲ್ಲವೇ ಇಲ್ಲ. ಇಡೀ ಐದು ದಿನ ಇಂಥ ದಾರಿಗಳಲ್ಲೇ ಕಳೆಯಬಹುದಲ್ಲ?

ಹಳೇ ಅಟ್ಲಾಸ್

ಗೆಳತಿ ಮೇಡಂ ಮೊದಲು ಹೇಳಿದ್ದು ನೂರಕ್ಕೆ ನೂರು ಸರಿ. ರೈಲು ದಾರಿಯ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಬೇರೆ. ರೈಲಿಗೆ ಏರು ಆಗುವುದಿಲ್ಲ. ಹಾಗಾಗಿ ಗುಡ್ಡ ಬಂದ ಕಡೆ ನೆಲ ಕಡಿದು ದಾರಿ ಮಾಡಿದರು, ತಗ್ಗು ಬಂದ ಕಡೆ ಮಣ್ಣು ತುಂಬಿ ಏರಿ ಕಟ್ಟಿದರು. ಕಡಿದ ಜಾಗದಲ್ಲಿ ಎರಡೂ ಕಡೆ ದಿಣ್ಣೆ, ಪೊದೆ. ಏನೂ ಕಾಣುವುದಿಲ್ಲ. ಸ್ಟೇಷನ್‌ಗೆ ಹಳ್ಳಿಯ ಹೆಸರಿದ್ದರೂ ಹಳ್ಳಿ ಎಷ್ಟೋ ಸಲ ಒಂದೆರಡು ಮೈಲಿ ಆಚೆ ಇರುತ್ತದೆ. ಒಂದು ದಿನಕ್ಕೆ ಹಿತ. ಐದೂ ದಿನ ಅದೇ ಆದರೆ ಹಳ್ಳಿಗಳನ್ನು ಹೊರಗಿನಿಂದ ಬಳಸಿಕೊಂಡು ಹೋದ ಹಾಗಾಗುತ್ತದೆ. ಹಳ್ಳಿಯ ಮಧ್ಯಕ್ಕೆ ಕರೆದುಕೊಂಡು ಹೋಗುವುದು ಓಣಿ.

ಈಗ ಓಣಿ ವಿಷಯಕ್ಕೆ ಬರುತ್ತೇನೆ. ಇಲ್ಲಿ ದೊಡ್ಡ ರಸ್ತೆಗಳಿಗೆ ಎ, ಬಿ ಅಂತ ನಂಬರ್ ಇರುತ್ತದೆ. ಕಾರು, ಲಾರಿ ಎಲ್ಲ ಅದರಲ್ಲೇ ಓಡುತ್ತವೆ. ಅವುಗಳ ನಡುವೆ ನಂಬರ್ ಇಲ್ಲದ ಸಣ್ಣ ದಾರಿಗಳ ಒಂದು ಬಲೆಯೇ ಇದೆ. ಡಾಂಬರು ಹಾಕಿದ್ದೇ, ಆದರೆ ಒಂದು ಟ್ರ್ಯಾಕ್ಟರ್ ಹೋಗುವಷ್ಟೇ ಅಗಲ. ಎಷ್ಟೋ ಕಡೆ ನಡುವೆ ಹುಲ್ಲು ಬೆಳೆದಿರುತ್ತದೆ. ಅಲ್ಲಿ ಓಡಾಡುವವರು ಅಕ್ಕಪಕ್ಕದ ರೈತರು, ಪೋಸ್ಟ್ ವ್ಯಾನ್, ಕುದುರೆ ಸವಾರರು. ಸೈಕಲ್ ಪ್ರವಾಸ ಎಂದರೆ ಈ ಬಲೆಯನ್ನು ಓದಲು ಕಲಿಯುವುದು. ಮಿಕ್ಕಿದ್ದೆಲ್ಲ ತಾನಾಗಿ ಬರುತ್ತದೆ.

ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಲ್ಯಾಂಡ್‌ರೇಂಜರ್ ನಕ್ಷೆ ಕೊಳ್ಳಿ, ಗುಲಾಬಿ ರಕ್ಷಾಪುಟದ್ದು. ಒಂದು ಸೆಂಟಿಮೀಟರ್ ಅಂದರೆ ಅರ್ಧ ಕಿಲೋಮೀಟರ್. ದೇಶಕ್ಕೆಲ್ಲ 204 ಹಾಳೆ ಇವೆ, ನಿಮಗೆ ಬೇಕಾದ್ದು 132 ಮತ್ತು 133. ಕಿತ್ತಳೆ ಬಣ್ಣದ ಎಕ್ಸ್‌ಪ್ಲೋರರ್ ನಡೆಯುವವರಿಗೆ ಸರಿ. ಸೈಕಲ್ಲಿಗೆ ಅದು ಅರ್ಧ ದಿನದಲ್ಲೇ ಮುಗಿದುಹೋಗುತ್ತದೆ.

ಅದರಲ್ಲಿ ತೆಳ್ಳಗೆ ಹಳದಿ ಬಣ್ಣದಲ್ಲಿರುವುದೇ ನಿಮ್ಮ ದಾರಿ. ಹಳದಿಯಲ್ಲೂ ಎರಡು ಥರ. ಅಗಲದ್ದು ನಾಲ್ಕು ಮೀಟರ್‌ಗಿಂತ ದೊಡ್ಡ ರಸ್ತೆ, ಕಿರಿದು ಅದಕ್ಕಿಂತ ಸಣ್ಣದು. ಕಿರಿದನ್ನೇ ಹಿಡಿಯಿರಿ. ಒಂದು ಪೇಟೆಯಿಂದ ಇನ್ನೊಂದು ಪೇಟೆಗೆ ನೇರ ಹೋಗುವ ಹಳದಿ ದಾರಿ ಕಂಡರೆ ಅನುಮಾನ ಪಡಿ. ಕಾರಿನವರು ಅದನ್ನು ಅಡ್ಡದಾರಿ ಮಾಡಿಕೊಂಡಿರುತ್ತಾರೆ. ಎಲ್ಲಿಗೂ ನೇರ ಹೋಗದೆ ಹೊಲದಿಂದ ಹೊಲಕ್ಕೆ ತಿರುಗುವ ದಾರಿ ಸಿಕ್ಕರೆ ಬಿಡಬೇಡಿ. ದಾರಿಗೆ ಅಡ್ಡ ಬಾಣದ ಗುರುತು ಇದ್ದರೆ ಕಡಿದಾದ ಇಳಿಜಾರು. ಬಾಣ ಇಳಿಯುವ ಕಡೆಗೆ ತೋರಿಸುತ್ತದೆ. ಒಂದು ಬಾಣ ಅಂದರೆ 14ರಿಂದ 20 ಪರ್ಸೆಂಟ್, ಎರಡು ಅಂದರೆ ಅದಕ್ಕೂ ಮೇಲೆ. ಎರಡು ಬಾಣದ ಕಡೆ ಇಳಿದು ತಳ್ಳಿಕೊಂಡು ಹೋಗಿ, ಅದರಲ್ಲಿ ಅವಮಾನ ಏನಿಲ್ಲ. ನಾರ್ಫೋಕ್‌ನಲ್ಲಿ ಬಾಣ ಹುಡುಕಬೇಕು.

ನಕ್ಷೆಯಲ್ಲಿ ಫೋರ್ಡ್ ಅಂತಿದ್ದರೆ ಹಳ್ಳ ರಸ್ತೆಯ ಮೇಲೆಯೇ ಹರಿಯುತ್ತದೆ. ಸಫೋಕ್‌ನ ಕರ್ಸಿಯಲ್ಲಿ ಊರ ಮುಖ್ಯ ಬೀದಿಯಲ್ಲೇ ಹೀಗಿದೆ, ನೋಡಲು ಬಲು ಚಂದ. ಆದರೆ ತಳದಲ್ಲಿ ಪಾಚಿ ಕಟ್ಟಿರುತ್ತದೆ. ಪಕ್ಕದ ಕಾಲುಸೇತುವೆ ಮೇಲೆ ಸೈಕಲ್ ತಳ್ಳಿಕೊಂಡು ಹೋಗಿ.

ದಾರಿಯ ಆಕಾರದಲ್ಲೇ ಚರಿತ್ರೆ ಇದೆ ನೋಡಿ. ಸುಮ್ನೆ ಸುತ್ತುವ ತಿರುವುಗಳು ಹಳೇ ಹೊಲಗಳ ಅಂಚು ಹಿಡಿದು ಹುಟ್ಟಿದವು. ಇದ್ದಕ್ಕಿದ್ದಂತೆ ದಾರಿ ನೇರವಾಗಿ, ಎರಡೂ ಬದಿ ಅಗಲ ಹುಲ್ಲು ಬಿಟ್ಟು ಬೇಲಿ ಕಂಡರೆ ಅದು 18, 19ನೇ ಶತಮಾನದಲ್ಲಿ ಊರ ಸಾಮೂಹಿಕ ನೆಲವನ್ನು ಬೇಲಿ ಹಾಕಿ ಹಂಚಿಕೊಂಡಾಗ ಸರ್ವೆಯವರು ಎಳೆದ ಗೆರೆ ಇರಬಹುದು. ಬಡವರ ದನ ಮೇಯುವ ಗೋಮಾಳ ಹೋಗಿದ್ದು ಆಗಲೇ. ಅಂಥ ದಾರಿಯಲ್ಲಿ ಹೋಗುವಾಗ ನನಗೆ ಅದು ನೆನಪಾಗುತ್ತದೆ.

ತುಮಕೂರು ಟೂರರ್

ಅಣ್ಣ, ಇದನ್ನು ಓದಿಯೇ ನಕ್ಷೆ ತರಿಸಿದೆ. ಒಂದು ಸಂದೇಹ. ಹೊಲದ ಮಧ್ಯೆ ಹೋಗುವ ಕಾಲುದಾರಿಗಳಲ್ಲಿ ಸೈಕಲ್ ಬಿಡಬಹುದಾ? ಕಾಟ್ಸ್‌ವೋಲ್ಡ್ಸ್ ಬಗ್ಗೆ ಯಾರೂ ಹೇಳಲಿಲ್ಲ ಯಾಕೆ? ಫೋಟೋಗಳಲ್ಲಿ ಕಾಣುವ ಇಂಗ್ಲಿಷ್ ಹಳ್ಳಿ ಅದೇ ತಾನೆ?

ಗಾಲಿ ಗೆಳತಿ

ಕಾಲುದಾರಿಯಲ್ಲಿ ಹಕ್ಕಿಲ್ಲ. ಬ್ರೈಡಲ್‌ವೇ, ಅಂದರೆ ಕುದುರೆ ದಾರಿಯಲ್ಲಿ ಬಿಡಬಹುದು. 1968ರ ಕಂಟ್ರಿಸೈಡ್ ಕಾಯ್ದೆ ಆ ಹಕ್ಕು ಕೊಟ್ಟಿತು. ನಡೆಯುವವರಿಗೆ, ಕುದುರೆಗಳಿಗೆ ನಾವೇ ದಾರಿ ಬಿಡಬೇಕು. ಗುರುತು ಸುಲಭ. ಹಳದಿ ಬಾಣ ಕಾಲುದಾರಿ, ನೀಲಿ ಬಾಣ ಕುದುರೆ ದಾರಿ. ಮಳೆ ಬಿದ್ದಿದ್ದರೆ ನೀಲಿಗೂ ಹೋಗಬೇಡಿ, ಗೊರಸು ತುಳಿದ ಕೆಸರು.

ಕಾಟ್ಸ್‌ವೋಲ್ಡ್ಸ್‌ನ ಜೇನು ಬಣ್ಣದ ಸುಣ್ಣಕಲ್ಲಿನ ಮನೆಗಳು ನಿಜಕ್ಕೂ ಚಂದ. ಬೇಸಿಗೆಯಲ್ಲಿ ಬೈಬರಿಯಂಥ ಕಡೆ ಬಸ್ಸುಗಟ್ಟಲೆ ಜನ. ಪಶ್ಚಿಮದ ಅಂಚು ಗೋಡೆಯಂತೆ ಎದ್ದಿದೆ. ನನಗೆ ಕೇಳಿದರೆ, ಮನೆ ನೋಡುವ ಆಸೆ ಇದ್ದವರು ಹೆರೆಫರ್ಡ್‌ಶೈರಿಗೆ ಹೋಗಲಿ. ವಿಯೋಬ್ಲಿ, ಪೆಂಬ್ರಿಜ್, ಅರ್ಡಿಸ್‌ಲ್ಯಾಂಡ್ ಸುತ್ತ ಕಪ್ಪು ಮರದ ಚೌಕಟ್ಟು, ಬಿಳಿ ಗೋಡೆಯ ಮನೆಗಳ ಸಾಲೇ ಇದೆ. ಸೇಬಿನ ತೋಟಗಳ ನಡುವೆ ದಾರಿ. ಜನ ಕಡಿಮೆ.

ಎದುರುಗಾಳಿ

ರೆಡಿಂಗ್‌ನವರು ಅಭ್ಯಾಸಕ್ಕೆ ದೂರ ಹೋಗಬೇಕಿಲ್ಲ. ಥೇಮ್ಸ್ ದಾಟಿದರೆ ಚಿಲ್ಟರ್ನ್ ಗುಡ್ಡ. ಸುಮಾರು 15 ಕಿಮೀ ದೂರದಲ್ಲಿ ಸ್ಟೋಕ್ ರೋ ಎಂಬ ಸಣ್ಣ ಹಳ್ಳಿ ಇದೆ. ಅಲ್ಲಿ ಬಂಗಾರದ ಬಣ್ಣದ ಗುಮ್ಮಟದ ಕೆಳಗೆ ಒಂದು ಬಾವಿ. ಕಾಶಿಯ ಮಹಾರಾಜರು ಹಣ ಕೊಟ್ಟು ತೋಡಿಸಿದ್ದು, 1864ರಲ್ಲಿ ತೆರೆದರು. 368 ಅಡಿ ಆಳ, ಕೈಯಲ್ಲೇ ತೋಡಿದ್ದು. ಆ ಗುಡ್ಡ ಸೀಮೆಸುಣ್ಣದ ಕಲ್ಲು, ನೀರು ಮೇಲೆ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಹಳ್ಳಿಯವರು ಹನಿ ನೀರಿಗೂ ಒದ್ದಾಡುತ್ತಿದ್ದರು. ಆ ಊರ ಕಡೆಯ ಅಧಿಕಾರಿಯೊಬ್ಬರು ಉತ್ತರ ಭಾರತದಲ್ಲಿ ಕೆಲಸ ಮಾಡುವಾಗ ರಾಜರಿಗೆ ಇದನ್ನು ಹೇಳಿದ್ದರಂತೆ. ಭಾವನವರಿಗೆ ತೋರಿಸಿ, ಖಂಡಿತ ಇಷ್ಟವಾಗುತ್ತದೆ. ಹೋಗುವಾಗ ಏರು, ಬರುವಾಗ ಇಳಿಜಾರು. ಅಕ್ಕನ ಕಾಲು ಹೇಗಿದೆ ಅಂತಲೂ ಗೊತ್ತಾಗುತ್ತದೆ.

ಗೆಳತಿ ಮೇಡಂ ಹೇಳಿದ ಮೇಲೆ ರೋಸಸ್ ಸಲಹೆ ವಾಪಸ್ ತೆಗೆದುಕೊಳ್ಳುತ್ತೇನೆ. ಭಾವನ ಜೊತೆ ಇನ್ನೊಮ್ಮೆ ಹೋಗಿ.

ರೆಡಿಂಗ್ ಕನ್ನಡಿಗ

ಆ ಬಾವಿ ಇಷ್ಟು ಹತ್ತಿರ ಇದೆ ಅಂತ ಗೊತ್ತೇ ಇರಲಿಲ್ಲ! ಮೊದಲ ಭಾನುವಾರವೇ ಹೋಗುತ್ತೇವೆ.

ಈಗ ಅಕ್ಕನ ಪ್ರಶ್ನೆಗಳು. ಚೂಡಿದಾರ್ ಹಾಕಿಕೊಂಡು ತುಳಿಯಬಹುದಾ, ಪ್ಯಾಂಟೇ ಬೇಕಾ? ನಾವು ಪೂರ್ತಿ ಸಸ್ಯಾಹಾರಿಗಳು, ಮೊಟ್ಟೆ ಕೂಡ ಇಲ್ಲ. ಹಳ್ಳಿಗಳಲ್ಲಿ ಏನು ಸಿಗುತ್ತದೆ?

ಗಾಲಿ ಗೆಳತಿ

ಅಕ್ಕ ಆರಾಮಾಗಿ ಚೂಡಿದಾರ್ ಹಾಕಿಕೊಳ್ಳಲಿ. ದುಪಟ್ಟಾ ಮಾತ್ರ ಬ್ಯಾಗಿನಲ್ಲಿರಲಿ, ಗಾಲಿಗೆ ಸಿಕ್ಕಿದರೆ ಬೀಳುವುದು ಖಂಡಿತ. ಪೈಜಾಮದ ಬಲಗಾಲಿಗೆ ಒಂದು ಪಟ್ಟಿ ಕಟ್ಟಿಕೊಳ್ಳಲಿ. ಬಾಡಿಗೆಗೆ ತೆಗೆದುಕೊಳ್ಳುವಾಗ ಚೈನ್ ಕವರ್, ಮಡ್‌ಗಾರ್ಡ್, ಕ್ಯಾರಿಯರ್ ಇರುವ ಸೈಕಲ್ಲೇ ಕೇಳಿ. ಬಾರ್ ಇಲ್ಲದ, ಕಾಲು ಸುಲಭವಾಗಿ ದಾಟಿಸುವಂಥದ್ದು.

ಬಟ್ಟೆ ವಿಷಯದಲ್ಲಿ ಈ ದೇಶದ ಹೆಂಗಸರೂ ಜಗಳ ಆಡಿದ್ದಾರೆ. 1898ರಲ್ಲಿ ಲೇಡಿ ಹಾರ್ಬರ್ಟನ್ ಸರ್ರೆಯ ಓಕಮ್ ಹಳ್ಳಿಯ ಹೋಟೆಲ್‌ಗೆ ಸೈಕಲ್ ಮೇಲೆ ಬಂದರು. ಲಂಗದ ಬದಲು ಸಡಿಲ ಚಡ್ಡಿಯಂಥ ಉಡುಪು ಹಾಕಿದ್ದರು ಅಂತ ಅವರನ್ನು ಕಾಫಿ ಕೋಣೆಗೆ ಬಿಡಲಿಲ್ಲ. ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಅವರ ಪರವಾಗಿ ಕೋರ್ಟಿಗೆ ಹೋಯಿತು. 1899ರಲ್ಲಿ ಸೋತಿತು. ಕೇಸು ಸೋತರೂ ಆ ಬಟ್ಟೆ ನಿಲ್ಲಲಿಲ್ಲ. 1878ರಲ್ಲಿ ಹ್ಯಾರೊಗೇಟ್‌ನಲ್ಲಿ ಹುಟ್ಟಿದ ಆ ಕ್ಲಬ್ಬೇ ಇವತ್ತಿನ ಸೈಕ್ಲಿಂಗ್ ಯುಕೆ. ಹಳೇ ವಸತಿಗೃಹಗಳ ಗೋಡೆ ಮೇಲೆ ರೆಕ್ಕೆ ಇರುವ ಚಕ್ರದ ಕಬ್ಬಿಣದ ಫಲಕ ಇನ್ನೂ ಅಲ್ಲಲ್ಲಿ ಸಿಗುತ್ತದೆ. ಅದು ಆ ಕ್ಲಬ್ ಒಪ್ಪಿದ ಜಾಗ ಎಂಬ ಗುರುತು. ಕಂಡರೆ ಅಕ್ಕನಿಗೆ ಈ ಕಥೆ ಹೇಳಿ.

ಬಿಸಿಬೇಳೆ ಬರ್ಮಿಂಗ್‌ಹ್ಯಾಮ್

ಊಟದ ವಿಷಯ ನಾನು ಹೇಳುತ್ತೇನೆ. ಹೊತ್ತು ಗೊತ್ತು ತಿಳಿದಿರಬೇಕು, ಅದೇ ಮುಖ್ಯ. ಹಳ್ಳಿ ಪಬ್‌ಗಳಲ್ಲಿ ಮಧ್ಯಾಹ್ನ ಎರಡು, ಎರಡೂವರೆಗೆ ಅಡುಗೆಮನೆ ಮುಚ್ಚುವುದುಂಟು. ಸಂಜೆ ಆರರ ಮೇಲೆ ಮತ್ತೆ ತೆಗೆಯುತ್ತದೆ, ಎಂಟೂವರೆ ಒಂಬತ್ತಕ್ಕೆ ಮುಗಿಯಿತು. ಸೋಮವಾರ, ಮಂಗಳವಾರ ಪೂರ್ತಿ ಬಾಗಿಲು ಹಾಕುವ ಪಬ್‌ಗಳೂ ಇವೆ. ಮುಂಚೆಯೇ ಫೋನ್ ಮಾಡಿ.

ಮಧ್ಯಾಹ್ನಕ್ಕೆ ಜಾಕೆಟ್ ಪೊಟೇಟೊ, ಅಂದರೆ ಸಿಪ್ಪೆ ಸಮೇತ ಬೇಯಿಸಿದ ದೊಡ್ಡ ಆಲೂಗಡ್ಡೆ ಮೇಲೆ ಬೀನ್ಸ್, ಚೀಸ್. ಹೊಟ್ಟೆ ತುಂಬುತ್ತದೆ. ಸೂಪ್ ತೆಗೆದುಕೊಂಡರೆ ಯಾವುದರ ಸ್ಟಾಕ್, ಅಂದರೆ ಏನು ಬೇಯಿಸಿದ ನೀರು ಅಂತ ಕೇಳಿ. ಚಿಪ್ಸ್ ಕೆಲವು ಅಂಗಡಿಗಳಲ್ಲಿ ದನದ ಕೊಬ್ಬಿನಲ್ಲಿ ಕರಿಯುತ್ತಾರೆ, ಯಾರ್ಕ್‌ಶೈರಿನಲ್ಲಿ ಜಾಸ್ತಿ. ಅದನ್ನೂ ಕೇಳಿ. ಕೆಲವು ಚೀಸ್‌ಗಳಲ್ಲಿ ಹಾಲು ಗಟ್ಟಿಯಾಗಲು ಹಾಕುವ, ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಇರುತ್ತದೆ, ಪ್ಯಾಕೆಟ್ ಮೇಲೆ ಸಸ್ಯಾಹಾರಿ ಗುರುತು ನೋಡಿ. ಕೇಕ್‌ನಲ್ಲಿ ಮೊಟ್ಟೆ ಇದ್ದೇ ಇರುತ್ತದೆ. ಟೀ ಜೊತೆ ತಿನ್ನುವ ಸಣ್ಣ ಬನ್ನಿನಂಥ ಸ್ಕೋನ್‌ನಲ್ಲಿ ಕೆಲವರು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಬಿ ಆ್ಯಂಡ್ ಬಿ, ಅಂದರೆ ಬೆಳಗಿನ ತಿಂಡಿ ಸಮೇತ ಕೊಡುವ ಬಾಡಿಗೆ ರೂಮುಗಳಲ್ಲಿ ಕೆಟಲ್ ಇರುತ್ತದೆ. ತೆಳು ಅವಲಕ್ಕಿ, ಚಟ್ನಿಪುಡಿ, ಒಂದು ಸಣ್ಣ ಡಬ್ಬಿ ತುಪ್ಪ ಇಟ್ಟುಕೊಂಡರೆ ಯಾವ ರಾತ್ರಿಯೂ ಹಸಿದು ಮಲಗಬೇಕಿಲ್ಲ. ದಾರಿಯಲ್ಲಿ ಮನೆಗಳ ಮುಂದೆ ಸಣ್ಣ ಮೇಜು, ಪಕ್ಕದಲ್ಲಿ ಹಣ ಹಾಕುವ ಡಬ್ಬಿ ಕಾಣುತ್ತದೆ. ಜಾಮ್, ತರಕಾರಿ, ಜೂನ್‌ನಲ್ಲಿ ಸ್ಟ್ರಾಬೆರಿ. ಕಾಯುವವರು ಯಾರೂ ಇರುವುದಿಲ್ಲ. ಸರಿಯಾದ ಚಿಲ್ಲರೆ ಜೇಬಿನಲ್ಲಿರಲಿ, ಅಲ್ಲಿ ಕಾರ್ಡ್ ನಡೆಯುವುದಿಲ್ಲ.

ಹೊಸ ಸವಾರ

ಒಂದು ಭಯ ಇದೆ, ಕೇಳುತ್ತೇನೆ. ಇಷ್ಟು ಕಿರಿದಾದ ಓಣಿಗಳಲ್ಲಿ ವೇಗದ ಮಿತಿ ಗಂಟೆಗೆ 60 ಮೈಲಿ ಅಂತ ಓದಿದೆ. ನಿಜವೇ?

ಹಳೇ ಅಟ್ಲಾಸ್

ನಿಜ. ಬಿಳಿ ವೃತ್ತದ ಮೇಲೆ ಓರೆ ಕಪ್ಪು ಪಟ್ಟಿ ಇದ್ದರೆ ಅಲ್ಲಿ 60 ಮೈಲಿ, ಅಂದರೆ 96 ಕಿಮೀ. ಇದು ನನಗೆ ಸುತರಾಂ ಒಪ್ಪಿಗೆ ಇಲ್ಲದ ನಿಯಮ. ಕಾಯ್ದೆ ಬಿಟ್ಟರೂ ತಿರುವು ಬಿಡುವುದಿಲ್ಲ, ಹಾಗಾಗಿ ಬಹಳ ಜನ ನಿಧಾನವೇ ಬರುತ್ತಾರೆ. ಎಲ್ಲರೂ ಅಲ್ಲ. ಕೆಲವು ಕಡೆ 'ಕ್ವೈಟ್ ಲೇನ್' ಫಲಕ ಇರುತ್ತದೆ. 2000ದ ಸಾರಿಗೆ ಕಾಯ್ದೆಯಲ್ಲಿ ಬಂದದ್ದು. ನಡೆಯುವವರು, ಸೈಕಲ್, ಕುದುರೆ, ಕಾರು ಎಲ್ಲರೂ ಹಂಚಿಕೊಳ್ಳುವ ದಾರಿ ಅಂತ ಅರ್ಥ. ಆದರೆ ಅದರಿಂದ ವೇಗದ ಮಿತಿ ತಾನಾಗಿ ಇಳಿಯುವುದಿಲ್ಲ. ಇಳಿಯಬೇಕಿತ್ತು.

ಮಾಡಬೇಕಾದ್ದು ಇಷ್ಟು. ಬೇಲಿಗೆ ಒತ್ತಿಕೊಂಡು ಹೋಗಬೇಡಿ. ತಿರುವಿನಲ್ಲಿ ನಡುವಿಗೆ ಬಂದರೆ ನೀವು ದೂರದಿಂದ ಕಾಣುತ್ತೀರಿ, ಹಿಂದಿನವರೂ ಸುಮ್ನೆ ನುಗ್ಗುವುದಿಲ್ಲ. 2022ರಲ್ಲಿ ತಿದ್ದಿದ ಹೈವೇ ಕೋಡ್, ಅಂದರೆ ಇಲ್ಲಿನ ರಸ್ತೆ ನಿಯಮಗಳ ಪುಸ್ತಕ ಕೂಡ ಸದ್ದಿಲ್ಲದ ರಸ್ತೆಯಲ್ಲಿ ನಡುವೆ ಹೋಗಿ ಅಂತಲೇ ಹೇಳುತ್ತದೆ. ಹಿಂದಿನಿಂದ ಬರುವವರಿಗೆ ದಾಟಲು ಜಾಗ ಬಂದಾಗ ಪಕ್ಕಕ್ಕೆ ಸರಿಯಿರಿ. 30 ಮೈಲಿ ವೇಗದವರೆಗೆ ಕನಿಷ್ಠ ಒಂದೂವರೆ ಮೀಟರ್ ಬಿಟ್ಟು ದಾಟಬೇಕು ಅಂತ ಅದರಲ್ಲೇ ಇದೆ. ಟ್ರ್ಯಾಕ್ಟರ್ ಬಂದರೆ ಮಾತ್ರ ವಾದ ಬೇಡ, ಗದ್ದೆಯ ಗೇಟ್ ಹತ್ತಿರ ನಿಂತುಬಿಡಿ. ಕೈ ಎತ್ತಿದರೆ ಅವರೂ ಎತ್ತುತ್ತಾರೆ.

ಕುದುರೆ ಹಿಂದೆ ಬೆಲ್ ಹೊಡೆಯಬೇಡಿ, ಬೆದರುತ್ತದೆ. ದೂರದಿಂದಲೇ "ಹಲೋ" ಎಂದು ಕೂಗಿ, ಅಗಲವಾಗಿ ಬಳಸಿ ಹೋಗಿ. ಅಕ್ಕನಿಗೆ ಸುಸ್ತಾಗಬಹುದು ಅನ್ನಿಸಿದರೆ ಎಲೆಕ್ಟ್ರಿಕ್ ಸೈಕಲ್ ಬಾಡಿಗೆಗೆ ತೆಗೆದುಕೊಳ್ಳಿ. 250 ವ್ಯಾಟ್ ಒಳಗಿದ್ದು, 15.5 ಮೈಲಿ ವೇಗ ಮುಟ್ಟಿದ ಮೇಲೆ ಮೋಟಾರ್ ನಿಂತರೆ ಸಾಕು, ಲೈಸೆನ್ಸ್ ಬೇಕಿಲ್ಲ.

ತುಮಕೂರು ಟೂರರ್

ಪಂಕ್ಚರ್ ಬಗ್ಗೆ ಒಂದು ಮಾತು. ಇಲ್ಲಿನ ಬೇಲಿ ಹಾಥಾರ್ನ್, ಒಳ್ಳೇ ಮುಳ್ಳು. ಹಕ್ಕಿ ಗೂಡು ಕಟ್ಟುವ ಕಾಲ ಅಂತ ಮಾರ್ಚ್‌ನಿಂದ ಆಗಸ್ಟ್ ಕೊನೆ ತನಕ ರೈತರು ಬೇಲಿ ಕತ್ತರಿಸುವುದಿಲ್ಲ. ಸೆಪ್ಟೆಂಬರ್ ಬಂತೆಂದರೆ ಟ್ರ್ಯಾಕ್ಟರಿಗೆ ಯಂತ್ರ ಕಟ್ಟಿ ಸವರುತ್ತಾರೆ, ದಾರಿ ತುಂಬ ಮುಳ್ಳು. ಜೂನ್‌ನಲ್ಲಿ ಹೋಗುವವರು ಪುಣ್ಯವಂತರು. ಆದರೂ ಎರಡು ಟ್ಯೂಬ್, ಪಂಪ್, ಟೈರ್ ಬಿಚ್ಚುವ ಪ್ಲಾಸ್ಟಿಕ್ ಪಟ್ಟಿ ಇಟ್ಟುಕೊಳ್ಳಿ. ಹಳ್ಳಿಗಳಲ್ಲಿ ನಮ್ಮ ಊರಿನ ಥರ ಮೂಲೆಗೊಂದು ಸೈಕಲ್ ಶಾಪ್ ಇಲ್ಲ.

ರೆಡಿಂಗ್ ಕನ್ನಡಿಗ

ಎಲ್ಲರ ಮಾತು ಕೇಳಿ ದಾರಿ ಗೊತ್ತು ಮಾಡಿದ್ದೇವೆ. ಅಟ್ಲಾಸ್ ಅಣ್ಣ, ಒಮ್ಮೆ ನೋಡಿ ಹೇಳಿ.

ಮೊದಲ ದಿನ ರೈಲಿನಲ್ಲಿ ಕಿಂಗ್ಸ್ ಲಿನ್. ಅಲ್ಲಿಂದ ರಾಷ್ಟ್ರೀಯ ಸೈಕಲ್ ದಾರಿ ನಂಬರ್ 1 ಹಿಡಿದು ಕ್ಯಾಸಲ್ ರೈಸಿಂಗ್ ಕೋಟೆ, ಸ್ಯಾಂಡ್ರಿಂಗಮ್ ಮೇಲೆ ರಿಂಗ್‌ಸ್ಟೆಡ್ ಕಡೆಗೆ. ಎರಡನೇ ದಿನ ಬರ್ನಮ್ ಹಳ್ಳಿಗಳು, ಹೋಲ್ಕಮ್ ಪಾರ್ಕ್, ಸಂಜೆಗೆ ವೆಲ್ಸ್ ನೆಕ್ಸ್ಟ್ ದ ಸೀ. ಮೂರನೇ ದಿನ ಸಾಮಾನು ಅಲ್ಲೇ ಬಿಟ್ಟು ಸುಮ್ನೆ ಸುತ್ತಾಟ. ನಾಲ್ಕನೇ ದಿನ ವಾಲ್ಸಿಂಗಮ್, ಫೇಕನಮ್ ದಾಟಿ ರೀಫಮ್. ಐದನೇ ದಿನ ಮ್ಯಾರಿಯಟ್ಸ್ ವೇ ಹಿಡಿದು ನಾರಿಚ್, ಅಲ್ಲಿಂದ ರೈಲು. ಒಟ್ಟು 130 ಕಿಮೀ ಆಸುಪಾಸು.

ಹಳೇ ಅಟ್ಲಾಸ್

ಬಹಳ ಚೆನ್ನಾಗಿದೆ. ಗಾಳಿಯೂ ಹೆಚ್ಚು ಹೊತ್ತು ಬೆನ್ನಿಗೇ ಇರುತ್ತದೆ. ನಾಲ್ಕನೇ ದಿನ ಸ್ವಲ್ಪ ಉದ್ದ, ಬೇಗ ಹೊರಡಿ.

ಮೊದಲ ದಿನ ಸ್ನೆಟಿಶಮ್ ಸುತ್ತ ಮನೆಗಳ ಕಲ್ಲು ನೋಡಿ, ಕೆಂಪು ಕಂದು. ಅದು ಕಾರ್‌ಸ್ಟೋನ್, ಆ ಮೂಲೆಯಲ್ಲಿ ಮಾತ್ರ ಹೆಚ್ಚು. ಕಡಲ ಕಡೆ ತಿರುಗಿದ ಮೇಲೆ ಗೋಡೆಗಳೆಲ್ಲ ಬೂದು ಬಿಳಿ ಫ್ಲಿಂಟ್ ಆಗುತ್ತವೆ. ನೆಲ ಬದಲಾದದ್ದು ಗೋಡೆಯಲ್ಲೇ ಗೊತ್ತಾಗುತ್ತದೆ. ಕಾರಿನಲ್ಲಿ ಹೋಗುವವರಿಗೆ ಇದು ಕಾಣುವುದಿಲ್ಲ.

ಬರ್ನಮ್ ಹೆಸರಿನ ಹಳ್ಳಿಗಳು ಹಲವಾರಿವೆ. ನೌಕಾಪಡೆಯ ನೆಲ್ಸನ್ 1758ರಲ್ಲಿ ಹುಟ್ಟಿದ್ದು ಬರ್ನಮ್ ಥಾರ್ಪ್‌ನಲ್ಲಿ. ಮೂರನೇ ದಿನಕ್ಕೆ ಬಿನಮ್ ಹೇಳುತ್ತೇನೆ, ವೆಲ್ಸ್‌ನಿಂದ ಹತ್ತು ಕಿಲೋಮೀಟರ್ ಒಳಗೆ. 1091ರ ಮಠದ ಅವಶೇಷ, ಒಂದು ಭಾಗ ಇನ್ನೂ ಊರ ಚರ್ಚಾಗಿ ನಡೆಯುತ್ತಿದೆ. ಸುತ್ತಲಿನ ಓಣಿಗಳು ನಾನು ಕಂಡವುಗಳಲ್ಲೇ ಒಳ್ಳೆಯವು.

ವಾಲ್ಸಿಂಗಮ್ ದೊಡ್ಡ ಯಾತ್ರಾಸ್ಥಳ. ಹಿಂದಿನ ಕಾಲದಲ್ಲಿ ಭಕ್ತರು ಒಂದು ಮೈಲಿ ಹಿಂದೆ ಸ್ಲಿಪರ್ ಚಾಪೆಲ್ ಹತ್ತಿರ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಡೆಯುತ್ತಿದ್ದರಂತೆ. ಈಗಲೂ ಕೆಲವರು ಹಾಗೆ ಮಾಡುತ್ತಾರೆ. ಅಕ್ಕ ಭಾವನಿಗೆ ಇದು ಹೊಸದೇನೂ ಅನ್ನಿಸಲಿಕ್ಕಿಲ್ಲ. ರೀಫಮ್‌ನಲ್ಲಿ ಒಂದೇ ಅಂಗಳದಲ್ಲಿ ಎರಡು ಚರ್ಚು, ಜೊತೆಗೆ ಮೂರನೆಯದರ ಮುರುಕು ಗೋಡೆ. ಮೂರು ಗ್ರಾಮಗಳ ಗಡಿ ಅಲ್ಲಿ ಸೇರುತ್ತಿತ್ತು.

ಕೊನೇ ದಿನದ ಮ್ಯಾರಿಯಟ್ಸ್ ವೇ ಹಳೇ ರೈಲು ದಾರಿ. ಗೆಳತಿ ಮೇಡಂ ಮಾತೂ ಉಳಿಯಿತು. ಅಲ್ಲಲ್ಲಿ ಮಣ್ಣು, ಜಲ್ಲಿ ಇರುತ್ತದೆ. ತೀರಾ ಸಣ್ಣ ಟೈರ್ ಬೇಡ, 35 ಮಿಲಿಮೀಟರ್ ಆದರೂ ಇರಲಿ. ನಕ್ಷೆ ಮಾತ್ರ ಹೊಸ ಮುದ್ರಣದ್ದೇ ಇರಲಿ. 2020ರಲ್ಲಿ ಸಸ್ಟ್ರಾನ್ಸ್ ಸಂಸ್ಥೆ ರಾಷ್ಟ್ರೀಯ ಸೈಕಲ್ ಜಾಲದ ಸುಮಾರು ಕಾಲು ಭಾಗವನ್ನು, ವಾಹನ ಜಾಸ್ತಿ ಎಂಬಂಥ ಕಾರಣಕ್ಕೆ, ಪಟ್ಟಿಯಿಂದ ತೆಗೆಯಿತು ಇಲ್ಲವೇ ಬೇರೆ ವರ್ಗಕ್ಕೆ ಹಾಕಿತು. ಹಳೇ ನಕ್ಷೆಯಲ್ಲಿ ಅವೆಲ್ಲ ಇನ್ನೂ ಇರುತ್ತವೆ.

ರೆಡಿಂಗ್ ಕನ್ನಡಿಗ

ಬಿನಮ್ ಸೇರಿಸಿದೆ. ಕೊನೇ ಪ್ರಶ್ನೆ. ಸೈಕಲ್ ಸಮೇತ ಲಂಡನ್ ದಾಟುವುದು ಹೇಗೆ?

ಎದುರುಗಾಳಿ

ಪ್ಯಾಡಿಂಗ್‌ಟನ್‌ನಲ್ಲಿ ಇಳಿದು ಅಂಡರ್‌ಗ್ರೌಂಡ್ ರೈಲಿನ ಸರ್ಕಲ್ ಅಥವಾ ಹ್ಯಾಮರ್‌ಸ್ಮಿತ್ ಆ್ಯಂಡ್ ಸಿಟಿ ಲೈನ್ ಹಿಡಿಯಿರಿ. ಕಿಂಗ್ಸ್ ಲಿನ್ ರೈಲು ಹೊರಡುವ ಕಿಂಗ್ಸ್ ಕ್ರಾಸ್‌ಗೂ ಅದೇ, ವಾಪಸ್ ಬರುವಾಗ ನಾರಿಚ್ ರೈಲು ಬರುವ ಲಿವರ್‌ಪೂಲ್ ಸ್ಟ್ರೀಟ್‌ನಿಂದಲೂ ಅದೇ. ಆ ಲೈನ್‌ಗಳಲ್ಲಿ ಮಡಚದ ಸೈಕಲ್ ಒಯ್ಯಬಹುದು, ಆಳದ ಸುರಂಗದ ಲೈನ್‌ಗಳಲ್ಲಿ ಬಿಡುವುದಿಲ್ಲ. ವಾರದ ದಿನ ಬೆಳಗ್ಗೆ ಏಳೂವರೆಯಿಂದ ಒಂಬತ್ತೂವರೆ, ಸಂಜೆ ನಾಲ್ಕರಿಂದ ಏಳು ಬಿಟ್ಟು ಹೋಗಿ. ದೊಡ್ಡ ರೈಲುಗಳಿಗೂ ಆಫೀಸ್ ಹೊತ್ತಿನಲ್ಲಿ ನಿರ್ಬಂಧ ಇರುತ್ತದೆ. ಬೆಳಗ್ಗೆ ಹತ್ತರ ಮೇಲೆ ಹೊರಟರೆ ತಲೆನೋವಿಲ್ಲ. ಸೈಕಲ್‌ಗೆ ದುಡ್ಡಿಲ್ಲ, ಆದರೆ ದೂರದ ರೈಲುಗಳಲ್ಲಿ ಜಾಗ ಎರಡೋ ಮೂರೋ ಇರುತ್ತದೆ. ನೀವು ಮೂರು ಜನ. ಟಿಕೆಟ್ ತೆಗೆಯುವ ಮುಂಚೆ ಆ ರೈಲಿಗೆ ಸೈಕಲ್ ಬುಕಿಂಗ್ ಬೇಕಾ ಅಂತ ನೋಡಿ, ಬೇಕಿದ್ದರೆ ಎರಡನ್ನೂ ಒಟ್ಟಿಗೇ ಮಾಡಿ. ಭಾನುವಾರ ಹಳಿ ಕೆಲಸ ಇದ್ದರೆ ರೈಲಿನ ಬದಲು ಬಸ್ ಬಿಡುತ್ತಾರೆ, ಅದರಲ್ಲಿ ಮಡಚದ ಸೈಕಲ್ ಸಾಮಾನ್ಯವಾಗಿ ಹತ್ತಿಸುವುದಿಲ್ಲ. ಹಾಗಾಗಿ ವಾಪಸ್ ಬರುವ ದಿನ ಭಾನುವಾರ ಬೀಳದ ಹಾಗೆ ನೋಡಿಕೊಳ್ಳಿ.

ರೆಡಿಂಗ್ ಕನ್ನಡಿಗ

ಭಾನುವಾರಕ್ಕೇ ಬೀಳುತ್ತಿತ್ತು. ಒಂದು ದಿನ ಮುಂಚೆ ಹೊರಡುತ್ತೇವೆ. ಇವತ್ತೇ ಬುಕ್ ಮಾಡುತ್ತೇನೆ.